ಟಿಪ್ಪರ್ ಇಳಿದ ಮೇಲೆ ಹತ್ತು ನಿಮಿಷ ಜೋಲಿ: ಕುಡಿತವೂ ಅಲ್ಲ, ಸುಮ್ನೆ ಸುಸ್ತೂ ಅಲ್ಲ

ಪ್ರಶ್ನೆ: ಸರ್, ನಮ್ಮ ಅಣ್ಣನಿಗೆ 44 ವರ್ಷ. ಗದಗ ಹತ್ತಿರದ ಒಂದು ಕ್ರಷರ್‌ನಿಂದ ಹುಬ್ಬಳ್ಳಿ ಕಡೆಗೆ ಖಡಿ ಹೊಡೆಯುವ ಟಿಪ್ಪರ್ ಓಡಿಸುತ್ತಾನೆ. ಹದಿನೆಂಟು ವರ್ಷದಿಂದ ಇದೇ ಕೆಲಸ. ಈಗ ಒಂದು ವರ್ಷದಿಂದ ಗಾಡಿ ಇಳಿದ ಕೂಡಲೇ ಐದು-ಹತ್ತು ನಿಮಿಷ ಜೋಲಿ ಹೋಗುತ್ತಾನೆ. ನೆಲ ಮೆತ್ತಗಾದ ಹಾಗೆ ಅನಿಸುತ್ತದಂತೆ. ಹೋದ ತಿಂಗಳು ಕ್ಯಾಬಿನ್ ಮೆಟ್ಟಿಲಿಂದ ಜಾರಿ ಪಾದ ಉಳುಕಿಸಿಕೊಂಡ. ಮಾಲಕರು ಕುಡಿದಿದ್ದಾನೆ ಅಂತಲೇ ತಿಳಿದಿದ್ದಾರೆ, ಅವನು ಮುಟ್ಟುವವನೇ ಅಲ್ಲ. ಮೆಡಿಕಲ್ ಅಂಗಡಿಯಿಂದ ತಲೆಸುತ್ತಿನ ಗುಳಿಗೆ ತಂದು ತಿನ್ನುತ್ತಿದ್ದಾನೆ. ಇದು ಗಾಡಿಯ ಕುಲುಕಾಟದಿಂದ ಆಗಿದ್ದಾ? ಕೆಲಸ ಬಿಡಿಸಬೇಕಾ?
ಒಬ್ಬ ತಮ್ಮ, ಗದಗ ಜಿಲ್ಲೆ

ಉತ್ತರ: ಮೊದಲು ಆ ಗುಳಿಗೆಯ ವಿಷಯ ಮುಗಿಸೋಣ. ಪಟ್ಟಿಯ ಹಿಂದೆ ಹೆಸರು ಓದಿ. ಸಿನ್ನರಿಜಿನ್ ಅಂತ ಇದ್ದರೆ ಅದನ್ನು ನುಂಗಿ ಸ್ಟೇರಿಂಗ್ ಹಿಡಿಯುವುದು ಬೇಡವೇ ಬೇಡ. ತಲೆಸುತ್ತು ತಗ್ಗಿಸುತ್ತದೆ ನಿಜ, ಜೊತೆಗೆ ತೂಕಡಿಕೆ ತರುತ್ತದೆ, ಲೋಡ್ ಟಿಪ್ಪರ್ ಓಡಿಸುವವನಿಗೆ ಜೋಲಿಗಿಂತ ತೂಕಡಿಕೆ ದೊಡ್ಡ ಅಪಾಯ ಅಲ್ವಾ? ಇನ್ನೊಂದು, ಇಂಥ ಗುಳಿಗೆ ಒಂದೆರಡು ದಿನಕ್ಕೆ ಸರಿ. ವಾರಗಟ್ಟಲೆ ತಿಂದರೆ ಮೆದುಳು ತಾನಾಗಿ ತೋಲ ಸರಿಮಾಡಿಕೊಳ್ಳುವ ಕೆಲಸಕ್ಕೇ ಅಡ್ಡ ಬರುತ್ತದೆ. ತಿಂಗಳುಗಟ್ಟಲೆ ತಿಂದವರಿಗೆ ಕೈ ನಡುಕ, ನಡಿಗೆಯಲ್ಲಿ ಬಿಗಿತ ಬರುವುದೂ ಉಂಟು.

ಈಗ ನಿಮ್ಮ ಪ್ರಶ್ನೆ. ಹೌದು, ಗಾಡಿಯ ಕುಲುಕಾಟದಿಂದ ಹೀಗೆ ಆಗುತ್ತದೆ. ಆದರೆ ನಿಮ್ಮ ಅಣ್ಣನಿಗೆ ಆಗಿರುವುದು ಪೂರ್ತಿ ಅದರಿಂದಲೇ ಅಂತ ಪತ್ರ ಓದಿ ಹೇಳಲಾರೆ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಕುಡಿದಿದ್ದಾನೆ ಅನ್ನುವ ಮಾತು ನನಗೂ ಬಂದಿದೆ. ಕೆಲವು ವರ್ಷದ ಹಿಂದೆ ಒಂದು ಕ್ರಷರ್‌ನಲ್ಲಿ ಸೀಟಿನ ಕಂಪನ ಅಳೆಯಲು ಹೋಗಿದ್ದೆ. ಬೆಳಿಗ್ಗೆ ಏಳಕ್ಕೆ ಕ್ಯಾಬಿನ್ ಹತ್ತಿದವನು ಹನ್ನೊಂದರ ತನಕ ಕ್ವಾರಿಗೂ ಮಷಿನ್‌ಗೂ ನಡುವೆ ಡ್ರೈವರ್ ಪಕ್ಕ ಕೂತು ಓಡಾಡಿದೆ. ಇಳಿದೆ, ಎರಡು ಹೆಜ್ಜೆ ಸರಿ ಬಿತ್ತು, ಮೂರನೆಯದು ಎತ್ತಲೋ ಹೋಯಿತು. ಪಕ್ಕದ ಖಡಿ ರಾಶಿಗೆ ಕೈ ಊರಿ ನಿಂತೆ. ಚಹಾ ಕುಡಿಯುತ್ತಿದ್ದ ಹುಡುಗರು ನಕ್ಕು, "ಸಾಹೇಬ್ರು ಮುಂಜಾನೇನ ಹಾಕ್ಕೊಂಡ್ ಬಂದಾರ" ಅಂದರು. ನಾಲ್ಕು ತಾಸಿಗೆ ನನಗೆ ಹಾಗಾದರೆ, ದಿನಾ ಹತ್ತು-ಹನ್ನೆರಡು ತಾಸು ಕೂರುವವನ ಗತಿ ಏನು? ನನ್ನ ಪಕ್ಕದಲ್ಲಿದ್ದ ಡ್ರೈವರ್ ಮಾತ್ರ ಬಾಗಿಲು ಹಿಡಿದು ಒಂದು ನಿಮಿಷ ಸುಮ್ನೆ ನಿಂತು, ಆಮೇಲೆ ನಡೆದ. ಯಾರೂ ಕಲಿಸಿದ್ದಲ್ಲ, ಮೈಯೇ ಕಲಿತದ್ದು.

ಏನಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮನುಷ್ಯ ನೆಟ್ಟಗೆ ನಿಲ್ಲುವುದು ಅಂದರೆ ಮೂರು ಗುಂಡಿನ ಒಲೆಯ ಮೇಲೆ ಪಾತ್ರೆ ಕೂತ ಹಾಗೆ. ಒಂದು ಗುಂಡು ಕಣ್ಣು. ಎರಡನೆಯದು ಒಳಗಿವಿ. ಅಲ್ಲಿ ನೀರು ತುಂಬಿದ ಮೂರು ಅರ್ಧ ಬಳೆಯಂಥ ನಾಳಗಳಿವೆ, ತಲೆ ತಿರುಗಿದ್ದನ್ನು ಅವು ಹಿಡಿಯುತ್ತವೆ. ಪಕ್ಕದಲ್ಲೇ ಎರಡು ಸಣ್ಣ ಚೀಲಗಳಿವೆ, ಒಳಗೆ ಸುಣ್ಣದಂಥ ಹರಳುಗಳು. ಮೇಲೆ-ಕೆಳಗೆ, ಹಿಂದೆ-ಮುಂದೆ ಆದ ಚಲನೆಯನ್ನೂ ಭೂಮಿ ಯಾವ ಕಡೆ ಇದೆ ಅನ್ನುವುದನ್ನೂ ಹೇಳುವುದು ಆ ಹರಳುಗಳ ಕೆಲಸ. ಮೂರನೇ ಗುಂಡನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಂಗಾಲಿನ ಚರ್ಮ, ಸ್ನಾಯು, ಕೀಲುಗಳಿಂದ ಪ್ರತಿ ಕ್ಷಣ ಮೆದುಳಿಗೆ ಹೋಗುವ ಸುದ್ದಿ ಅದು. ಕಣ್ಣು ಮುಚ್ಚಿ ಮೂಗಿನ ತುದಿ ಮುಟ್ಟಿ ನೋಡಿ. ಬೆರಳು ಸರಿಯಾಗಿ ಹೋಗುತ್ತದೆ, ಅದು ಈ ಮೂರನೇ ಗುಂಡಿನ ಕೆಲಸ.

ಗಾಡಿಯ ಕುಲುಕಾಟ ಮುಖ್ಯವಾಗಿ ಹೊಡೆಯುವುದು ಈ ಮೂರನೆಯದಕ್ಕೆ. ಸ್ನಾಯುವಿನ ಒಳಗೆ ನೂಲಿನ ಕದಿರಿನ ಆಕಾರದ ಸಣ್ಣ ಅಂಗಗಳಿವೆ. ಸ್ನಾಯು ಎಷ್ಟು ಎಳೆದಿದೆ, ಎಷ್ಟು ಬೇಗ ಎಳೆಯುತ್ತಿದೆ ಅಂತ ಅವು ವರದಿ ಕಳಿಸುತ್ತವೆ. ಕಂಪನ ಕೊಟ್ಟರೆ ಅವು ಮೋಸ ಹೋಗುತ್ತವೆ. ಸ್ವೀಡನ್ನಿನ ಎಕ್ಲುಂಡ್ ಮತ್ತು ಹಾಗ್‌ಬಾರ್ತ್ 1966ರಲ್ಲೇ ಇದನ್ನು ಬರೆದಿಟ್ಟಿದ್ದಾರೆ: ಸ್ನಾಯುವಿಗೆ ಕಂಪನ ಕೊಟ್ಟರೆ ಆ ಮನುಷ್ಯ ಬಯಸದಿದ್ದರೂ ಸ್ನಾಯು ತಾನಾಗಿ ಬಿಗಿಯುತ್ತದೆ. ಕಣ್ಣು ಮುಚ್ಚಿ ನಿಂತವನ ಹಿಮ್ಮಡಿಯ ಮೇಲಿನ ದಪ್ಪ ಹುರಿಗೆ, ಮೀನಖಂಡವನ್ನು ಹಿಮ್ಮಡಿಗೆ ಕಟ್ಟುತ್ತದಲ್ಲ ಅದಕ್ಕೆ, ಸೆಕೆಂಡಿಗೆ 80 ಸಲದ ಕಂಪನ ಕೊಟ್ಟು ನೋಡಿ. ಅವನು ಹಿಂದಕ್ಕೆ ವಾಲುತ್ತಾನೆ, ತಾನು ವಾಲುತ್ತಿದ್ದೇನೆ ಅನ್ನುವುದು ಅವನಿಗೇ ತಿಳಿಯುವುದಿಲ್ಲ.

ಟಿಪ್ಪರ್ ಸೀಟಿನ ಕಂಪನ ಅಷ್ಟು ಸಣ್ಣದಲ್ಲ, ಅಷ್ಟು ವೇಗದ್ದೂ ಅಲ್ಲ. ಅದರ ಜೋರೆಲ್ಲ ಸೆಕೆಂಡಿಗೆ ಒಂದರಿಂದ ಇಪ್ಪತ್ತು ಸಲದ ಒಳಗೇ ಇರುತ್ತದೆ. ಇಲ್ಲಿ ಆಗುವುದು ಬೇರೆ ಥರ. ಪ್ರತಿ ಕುಲುಕಿಗೂ ಬೆನ್ನಿನ ಸ್ನಾಯು ಬಿಗಿದು ಬಿಡಬೇಕು. ಸೆಕೆಂಡಿಗೆ ನಾಲ್ಕು ಅಂದರೆ ತಾಸಿಗೆ 14,400 ಸಲ. ಎಂಟು ತಾಸಿಗೆ ಲಕ್ಷದ ಮೇಲೆ. ಇಷ್ಟು ಸಲ ಬಾಗಿಲು ಬಡಿದರೆ ಮನೆಯವರು ಎದ್ದು ಬರುವುದನ್ನೇ ಬಿಡುತ್ತಾರೆ ಅಲ್ವಾ, ಹಾಗೆಯೇ ನರಗಳೂ ಮೊಂಡಾಗುತ್ತವೆ. ಪ್ರಯೋಗಾಲಯದಲ್ಲಿ ಇದನ್ನು ಅಳೆದು ನೋಡಿದ್ದಾರೆ. ಆರೋಗ್ಯವಂತ ಯುವಕರನ್ನು ಕಂಪಿಸುವ ಸೀಟಿನ ಮೇಲೆ ಬರೀ ಇಪ್ಪತ್ತು-ಮೂವತ್ತು ನಿಮಿಷ ಕೂರಿಸಿ, ಆಮೇಲೆ ಬೆನ್ನು ಇಷ್ಟೇ ಬಾಗಿಸಿ ಅಂತ ಹೇಳಿದರೆ ಅಂದಾಜು ತಪ್ಪುತ್ತದೆ. ಅಲುಗಾಡುವ ಪೀಠದ ಮೇಲೆ ಕೂರಿಸಿದರೆ ಮೊದಲಿಗಿಂತ ಜಾಸ್ತಿ ಓಲಾಡುತ್ತಾರೆ. ಇದ್ದಕ್ಕಿದ್ದ ಹಾಗೆ ಭಾರ ಬಿದ್ದರೆ ಬೆನ್ನಿನ ಸ್ನಾಯು ಎಚ್ಚೆತ್ತುಕೊಳ್ಳುವುದು ಒಂದು ಗಳಿಗೆ ತಡ.

ಇನ್ನು ನಿಂತಾಗಿನ ಓಲಾಟ. ಇದರಲ್ಲಿ ಎಲ್ಲ ಪ್ರಯೋಗಗಳೂ ಒಂದೇ ಮಾತು ಹೇಳಿಲ್ಲ. ಕೆಲವರಿಗೆ ಗಾಡಿ ಇಳಿದ ಮೇಲೆ ಓಲಾಟ ಹೆಚ್ಚಿದ್ದು ಕಂಡಿದೆ, ಕೆಲವರಿಗೆ ಏನೂ ಕಂಡಿಲ್ಲ. ನನಗೆ ಇದರಲ್ಲಿ ಆಶ್ಚರ್ಯ ಇಲ್ಲ. ಹಗಲು ಹೊತ್ತು, ಕಣ್ಣು ತೆರೆದು, ಸಪಾಟು ನೆಲದ ಮೇಲೆ ನಿಂತರೆ ಉಳಿದ ಎರಡು ಗುಂಡು ಪಾತ್ರೆಯನ್ನು ಹೇಗೋ ಹಿಡಿಯುತ್ತವೆ. ನಿಮ್ಮ ಅಣ್ಣ ಇಳಿಯುವುದು ಅಂಥ ಜಾಗಕ್ಕಲ್ಲ. ಕತ್ತಲು, ಧೂಳು, ಕಾಲ ಕೆಳಗೆ ಉರುಳುವ ಖಡಿ. ಕಣ್ಣಿನ ಗುಂಡೂ ಹೋಯಿತು, ಅಂಗಾಲಿನ ಗುಂಡು ಮೊದಲೇ ಹೋಗಿತ್ತು.

ಅಂಗಾಲು ಅಂದೆ. ನೆಲ ಮೆತ್ತಗಾದ ಹಾಗೆ ಅನಿಸುತ್ತದೆ ಅಂತ ಬರೆದಿದ್ದೀರಿ, ಅದು ಒಳ್ಳೆಯ ಸುಳಿವು. ಕ್ಯಾಬಿನ್ ನೆಲ, ಪೆಡಲ್ ಎರಡರಿಂದಲೂ ಪಾದಕ್ಕೆ ಕಂಪನ ಹೋಗುತ್ತದೆ. ಅಂಗಾಲಿನ ಚರ್ಮದಲ್ಲಿ ಕಂಪನವನ್ನೇ ಹಿಡಿಯುವ ನರತುದಿಗಳಿವೆ, ದಿನವಿಡೀ ಒಂದೇ ಸದ್ದು ಕೇಳಿದ ಕಿವಿಯಂತೆ ಅವು ಮಂಕಾಗುತ್ತವೆ. ಆಗ ನೆಲ ಕೌದಿ ಹಾಸಿದ ಹಾಗೆ ಅನಿಸುತ್ತದೆ. ತೆಳು ಹವಾಯಿ ಚಪ್ಪಲಿ ಹಾಕಿ ಓಡಿಸುವವರಿಗೆ ಇದು ಜಾಸ್ತಿ. ಅದೇ ಚಪ್ಪಲಿಯಲ್ಲಿ ಮೆಟ್ಟಿಲು ಇಳಿಯುವುದಂತೂ ಕೇಳಬೇಡಿ.

ಒಳಗಿವಿಗೂ ಪಾಲಿದೆ, ಆದರೆ ಜನ ಅಂದುಕೊಂಡಷ್ಟು ಅಲ್ಲ. ಚಕ್ಕಡಿಯಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರು ರಾತ್ರಿ ಮಲಗಿದರೆ ಹಾಸಿಗೆಯೇ ತೂಗಿದ ಹಾಗೆ ಅನಿಸುತ್ತದೆ ಅನ್ನುವುದನ್ನು ಕೇಳಿರುತ್ತೀರಿ. ದೋಣಿ ಇಳಿದವರಿಗೂ ಹಾಗೇ. ಮೆದುಳು ದಿನವಿಡೀ ಆ ತೂಗಾಟಕ್ಕೆ ಲೆಕ್ಕ ಹೊಂದಿಸಿಕೊಂಡಿರುತ್ತದೆ, ತೂಗಾಟ ನಿಂತ ಮೇಲೂ ಆ ಲೆಕ್ಕ ಅಳಿಸಲು ಸ್ವಲ್ಪ ಹೊತ್ತು ಬೇಕು. ಆರೋಗ್ಯ ಸರಿ ಇದ್ದರೆ ಅದು ಬೇಗ ಅಳಿಯುತ್ತದೆ.

ಒಂದು ಪ್ರಶ್ನೆ ಯಾರಾದರೂ ಕೇಳಿಯೇ ಕೇಳುತ್ತಾರೆ: ಜಿಮ್‌ನಲ್ಲಿ ಗಡಗಡ ನಡುಗುವ ಪ್ಲೇಟ್ ಮೇಲೆ ನಿಲ್ಲಿಸಿ ತೋಲ ಸುಧಾರಿಸುತ್ತದೆ ಅನ್ನುತ್ತಾರಲ್ಲ, ಅಲ್ಲಿ ಒಳ್ಳೆಯದಾದದ್ದು ಇಲ್ಲಿ ಹೇಗೆ ಕೆಟ್ಟದ್ದು? ಅಲ್ಲಿ ನಿಲ್ಲುವುದು ಮಂಡಿ ಬಾಗಿಸಿ, ಕೆಲವೇ ನಿಮಿಷ, ಅದೂ ಸೆಕೆಂಡಿಗೆ 25-40 ಸಲದ ಸಣ್ಣ ಕಂಪನ. ಆ ಕಂಪನವನ್ನು ಕಾಲೇ ಕುಡಿದುಬಿಡುತ್ತದೆ. ಸೀಟಿನಲ್ಲಿ ಕೂತವನಿಗೆ ಕಾಲಿನ ಆ ಸ್ಪ್ರಿಂಗ್ ಇಲ್ಲ, ಎಲ್ಲವೂ ನೇರ ಬೆನ್ನುಮೂಳೆಗೆ. ಒಂದು ಚಮಚ ಉಪ್ಪಿಗೂ ಒಂದು ಸೇರು ಉಪ್ಪಿಗೂ ಇರುವ ವ್ಯತ್ಯಾಸ ಅಂತ ಇಟ್ಟುಕೊಳ್ಳಿ.

ಯಾವ ಕುಲುಕಾಟ ಜಾಸ್ತಿ ಕೆಟ್ಟದ್ದು ಅನ್ನುವುದಕ್ಕೂ ಲೆಕ್ಕ ಇದೆ. ಪಂಚಮಿ ಜೋಕಾಲಿ ಜೀಕಿದವರಿಗೆ ಇದು ಗೊತ್ತು. ಸುಮ್ನೆ ಜೋರಾಗಿ ತಳ್ಳಿದರೆ ಜೋಕಾಲಿ ಏರುವುದಿಲ್ಲ, ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ಹುಡುಗಿಯೂ ಮುಗಿಲು ಮುಟ್ಟಿಸುತ್ತಾಳೆ. ಕೂತ ಮನುಷ್ಯನ ಮೈಗೂ ಅಂಥದೊಂದು ಲಯ ಇದೆ, ಮೇಲೆ-ಕೆಳಗಿನ ಕುಲುಕಾಟಕ್ಕೆ ಸೆಕೆಂಡಿಗೆ ಸುಮಾರು ಐದು ಸಲ. ಆ ಲಯಕ್ಕೆ ಬಂದ ಕಂಪನ ಮೈಯೊಳಗೆ ದೊಡ್ಡದಾಗುತ್ತದೆ, ಹೊಟ್ಟೆ, ಎದೆ, ಬೆನ್ನು ಎಲ್ಲ ಕುಣಿಯುತ್ತವೆ. ಇದಕ್ಕೇ ಐಎಸ್ಓ 2631 ಅನ್ನುವ ಅಂತರರಾಷ್ಟ್ರೀಯ ಮಾನದಂಡ, 1997ರದ್ದು, ಮೇಲೆ-ಕೆಳಗಿನ ಕಂಪನದಲ್ಲಿ 4ರಿಂದ 8 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ್ದಕ್ಕೆ, ಜಾಸ್ತಿ ತೂಕ ಕೊಟ್ಟು ಲೆಕ್ಕ ಹಾಕುತ್ತದೆ. ಅಡ್ಡಕ್ಕೆ ಜಗ್ಗಾಡುವ ಕಂಪನದಲ್ಲಿ 2 ಹರ್ಟ್ಸ್‌ನ ಒಳಗಿನದಕ್ಕೆ. ದುರದೃಷ್ಟ ಏನಂದರೆ ಲಾರಿ, ಟ್ರಾಕ್ಟರ್, ಜೆಸಿಬಿ ಎಲ್ಲ ಈ ಪಟ್ಟಿಯ ಒಳಗೇ ಕುಣಿಯುತ್ತವೆ.

ಎಷ್ಟು ಹೊತ್ತು ಅನ್ನುವುದೂ ಮುಖ್ಯ. ಯುರೋಪಿನವರು 2002ರಲ್ಲಿ ಒಂದು ನಿಯಮ ಮಾಡಿದರು. ಎಂಟು ತಾಸಿನ ಸರಾಸರಿಗೆ ಕಂಪನದ ಜೋರು 0.5 ಮೀಟರ್ ಪ್ರತಿ ಸೆಕೆಂಡ್ ವರ್ಗ (ಕಂಪನ ಅಳೆಯುವ ಮಾನ ಇದು) ದಾಟಿದರೆ ಮಾಲಕ ಏನಾದರೂ ಕ್ರಮ ತೆಗೆದುಕೊಳ್ಳಬೇಕು, 1.15 ದಾಟಲೇಬಾರದು. ಅಲ್ಲಿಯ ಕಾನೂನು ನಮಗೆ ಅನ್ವಯ ಆಗದಿದ್ದರೂ ಮೈ ಎಲ್ಲ ಕಡೆ ಒಂದೇ. ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಕಂಪನ ಎರಡು ಪಟ್ಟಾದರೆ ತಡೆದುಕೊಳ್ಳುವ ಹೊತ್ತು ಅರ್ಧ ಆಗುವುದಿಲ್ಲ, ಕಾಲುಭಾಗ ಆಗುತ್ತದೆ. ಸೀಟಿನ ಮೇಲೆ 0.5 ಇದ್ದರೆ ಆ ಮೊದಲ ಗೆರೆ ಮುಟ್ಟಲು ಎಂಟು ತಾಸು. 0.7 ಇದ್ದರೆ ನಾಲ್ಕೇ ತಾಸು. 1 ಇದ್ದರೆ ಎರಡು. ಹಾಳು ರಸ್ತೆಯಲ್ಲಿ ಒಂದು ತಾಸು ಓಡಿದ್ದು ಡಾಂಬರಿನಲ್ಲಿ ನಾಲ್ಕು ತಾಸು ಓಡಿದ್ದಕ್ಕೆ ಸಮ ಅನ್ನುವುದು ಡ್ರೈವರುಗಳ ಹಳೇ ಮಾತು. ಅವರ ಅಂದಾಜಿಗೂ ಈ ಗಣಿತಕ್ಕೂ ಎಷ್ಟು ಹತ್ತಿರ ನೋಡಿ.

ನಮ್ಮ ಕಡೆಯ ರಸ್ತೆಯ ಪಾಲೂ ಸಣ್ಣದಲ್ಲ. ನರಗುಂದ, ನವಲಗುಂದ, ಅಣ್ಣಿಗೇರಿ, ರೋಣ, ಎಲ್ಲ ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲೆ ಹಾಕಿದ ಡಾಂಬರು ಅದರ ಜೊತೆ ಅಲೆಯಾಗುತ್ತದೆ. ತಗ್ಗು ಮುಚ್ಚಬಹುದು, ಈ ಅಲೆ ಮುಚ್ಚಲು ಆಗುವುದಿಲ್ಲ. ಹಳೇ ಡ್ರೈವರುಗಳು ಇನ್ನೂ ಅದಿರಿನ ಕಾಲ ನೆನೆಯುತ್ತಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸುವ ಮುಂಚಿನ ವರ್ಷಗಳಲ್ಲಿ ಹೊಸಪೇಟೆ ಕಡೆಯಿಂದ ಗದಗ, ಹುಬ್ಬಳ್ಳಿ ದಾಟಿ ಕರಾವಳಿಗೆ ಅದಿರು ಲಾರಿಗಳ ಸಾಲೇ ಸಾಲು. ಆಗ ಬೆನ್ನು ಕೊಟ್ಟವರು ಎಷ್ಟೋ ಜನ ಈಗ ಐವತ್ತರ ಆಸುಪಾಸಿನಲ್ಲಿದ್ದಾರೆ, ಬೆಲ್ಟ್ ಕಟ್ಟಿಕೊಂಡು ಓಡಾಡುತ್ತಾರೆ.

ನಿಮ್ಮ ಅಣ್ಣನನ್ನು ಒಂದು ಮಾತು ಕೇಳಿ: ಲೋಡ್ ಇದ್ದಾಗ ಜಾಸ್ತಿ ಕುಲುಕುತ್ತದೋ, ಖಾಲಿ ಬರುವಾಗಲೋ? ಖಾಲಿ ಬರುವಾಗ ಅಂತಲೇ ಹೇಳುತ್ತಾನೆ. ಟಿಪ್ಪರ್ ಸ್ಪ್ರಿಂಗ್ ಮಾಡಿರುವುದು ಲೋಡ್ ಹೊರಲು. ಖಾಲಿ ಇದ್ದಾಗ ಅದು ಬಗ್ಗುವುದೇ ಇಲ್ಲ, ಕಟ್ಟಿಗೆಯ ತೊಲೆ ಆಗುತ್ತದೆ. ಕ್ಯಾಬಿನ್ ಬೇರೆ ಮುಂದಿನ ಗಾಲಿಯ ನೆತ್ತಿಯ ಮೇಲೆ. ಅದರ ಜೊತೆ ಖಾಲಿ ಗಾಡಿ ಅಂತ ವೇಗ ಜಾಸ್ತಿ, ಇನ್ನೊಂದು ಟ್ರಿಪ್ ಸಿಗಲಿ ಅಂತ. ಟ್ರಿಪ್ ಲೆಕ್ಕದ ಕೂಲಿ ಇರುವ ತನಕ ಇದು ಹೋಗುವುದಿಲ್ಲ, ಆ ಮಾತು ಬೇರೆ. ಜೆಸಿಬಿಯವರಿಗೂ ಹೀಗೇ: ಅಗೆಯುವಾಗಿಗಿಂತ ಒಂದು ಸೈಟಿನಿಂದ ಇನ್ನೊಂದಕ್ಕೆ ರಸ್ತೆಯಲ್ಲಿ ಓಡಿಸಿಕೊಂಡು ಹೋಗುವಾಗ ಕುಲುಕಾಟ ಜಾಸ್ತಿ. ವೇಗ ತಗ್ಗಿಸಿದರೆ ಕಂಪನ ತಗ್ಗುತ್ತದೆ, ಇದಕ್ಕೆ ಕಾಸು ಖರ್ಚಿಲ್ಲ. ಖಾಲಿ ಬರುವಾಗ ಬರೀ ಕೆಟ್ಟ ತುಂಡಿನಲ್ಲಿ ನಿಧಾನ ಮಾಡಿದರೂ ಸಾಕು.

ಈಗ ಸೀಟು. ಅಣ್ಣನ ಸೀಟಿನ ಮೇಲೆ ಮಡಿಚಿದ ಕೌದಿಯೋ ದಪ್ಪ ಸ್ಪಂಜೋ ಇರುತ್ತದೆ, ಹೌದಲ್ಲ? ಬಹಳ ಜನ ಹಾಕಿಕೊಳ್ಳುತ್ತಾರೆ. ಕುಂಡಿಗೆ ಮೆತ್ತಗೆ ಅನಿಸುತ್ತದೆ, ಬೆನ್ನಿಗೆ ಏನೂ ಲಾಭ ಇಲ್ಲ. ದಪ್ಪ ಫೋಮ್ ತಾನೇ ಸೆಕೆಂಡಿಗೆ ನಾಲ್ಕು ಸಲದ ಆಸುಪಾಸಿನಲ್ಲಿ ಕುಣಿಯುತ್ತದೆ, ಮೈಯ ಲಯದ ಪಕ್ಕದಲ್ಲೇ. ಅಂದರೆ ಕಂಪನವನ್ನು ತಡೆಯುವ ಬದಲು ದೊಡ್ಡದು ಮಾಡಿ ಕೊಡುತ್ತದೆ. ಅದೂ ಅಲ್ಲದೆ ಎರಡು ಇಂಚು ಎತ್ತರ ಕೂತರೆ ಹಿಮ್ಮಡಿ ನೆಲಕ್ಕೆ ಊರುವುದಿಲ್ಲ, ತೊಡೆಯ ಕೆಳಗೆ ಒತ್ತಿ ಕಾಲು ಜೋಮು ಹಿಡಿಯುತ್ತದೆ.

ಕೆಲಸ ಮಾಡುವುದು ಸಸ್ಪೆನ್ಶನ್ ಸೀಟು. ಸ್ಪ್ರಿಂಗಿನದಾಗಲಿ, ಗಾಳಿಯದಾಗಲಿ. ಅದರ ಸ್ವಂತ ಕುಣಿತ ಸೆಕೆಂಡಿಗೆ ಒಂದೆರಡು ಸಲ ಮಾತ್ರ, ಹಾಗಾಗಿ ನಾಲ್ಕು, ಐದು, ಎಂಟರ ಕಂಪನವನ್ನು ಕತ್ತರಿಸಿ ಹಾಕುತ್ತದೆ. ಆದರೆ ಅದನ್ನು ಕೂತವನ ತೂಕಕ್ಕೆ ಹೊಂದಿಸಬೇಕು. ಸೀಟಿನ ಕೆಳಗೆ ಅಥವಾ ಮುಂದೆ ಒಂದು ತಿರುಪು ಇರುತ್ತದೆ, ಕಿಲೋ ಗುರುತಿನ ಸಣ್ಣ ಪಟ್ಟಿಯೂ ಇರುತ್ತದೆ. ನಾನು ನೋಡಿದ ಗಾಡಿಗಳಲ್ಲಿ ಅದು ಬಹುತೇಕ ಒಂದು ತುದಿಗೆ ತುಕ್ಕು ಹಿಡಿದು ಕೂತಿರುತ್ತದೆ. 60 ಕಿಲೋದ ಮನುಷ್ಯ 120ಕ್ಕೆ ಇಟ್ಟ ಸೀಟಿನ ಮೇಲೆ ಕೂತರೆ ಅದು ಸಸ್ಪೆನ್ಶನ್ ಸೀಟಲ್ಲ, ಮರದ ಮಣೆ. ಬಹಳ ಸಡಿಲ ಇಟ್ಟರೂ ಕಷ್ಟ, ತಗ್ಗಿಗೆ ಬಿದ್ದಾಗ ಸೀಟು ತಳಕ್ಕೆ ಠಕ್ ಅಂತ ಬಡಿಯುತ್ತದೆ, ಆ ಒಂದು ಬಡಿತ ಎಷ್ಟೋ ಹೊತ್ತಿನ ಕುಲುಕಾಟಕ್ಕಿಂತ ಕೆಟ್ಟದ್ದು. ಕೂತಾಗ ಸೀಟು ತನ್ನ ಓಟದ ನಡುವೆ ನಿಲ್ಲಬೇಕು, ಅಷ್ಟೇ ಅಳತೆ. ಒಳಗಿನ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿದ್ದರೆ ಬದಲಿಸಿ. ಟ್ರಾಕ್ಟರಿಗೆ ಮಾತ್ರ ಈ ಲೆಕ್ಕ ಸ್ವಲ್ಪ ಕಷ್ಟ, ಹಿಂದಿನ ಗಾಲಿಗೆ ಸ್ಪ್ರಿಂಗೇ ಇಲ್ಲ, ಟೈರಿನ ಮೇಲೇ ಕುಣಿಯುತ್ತದೆ, ಆ ಕುಣಿತ ಸೆಕೆಂಡಿಗೆ ಎರಡರಿಂದ ನಾಲ್ಕು ಸಲ. ಸೀಟು ಅದಕ್ಕಿಂತ ಬಹಳ ಮೆತ್ತಗಿರದಿದ್ದರೆ ತಾನೂ ಅದರ ಜೊತೆ ಸೇರಿ ಕುಣಿಯುತ್ತದೆ.

ಟೈರಿಗೆ ಗಾಳಿ ಅಳತೆಗಿಂತ ಜಾಸ್ತಿ ಹಾಕಿಸಿದರೂ ಕುಲುಕಾಟ ಏರುತ್ತದೆ. ಹಾಗಂತ ಮೆತ್ತಗಾಗಲಿ ಅಂತ ಕಡಿಮೆ ಮಾಡಬೇಡಿ, ಲೋಡಿನಲ್ಲಿ ಟೈರ್ ಕಾದು ಸಿಡಿಯುತ್ತದೆ.

ಇನ್ನು ಇಳಿಯುವುದು. ಇದಕ್ಕೆ ಜಾಸ್ತಿ ಗಮನ ಕೊಡಿ, ಪೆಟ್ಟು ಬೀಳುವುದು ಇಲ್ಲೇ. ಡ್ರೈವರ್ ಕೂತಿರುವ ತನಕ ತೋಲ ತಪ್ಪಿದರೂ ಬೀಳುವುದಿಲ್ಲ. ಎಂಜಿನ್ ಬಂದ್ ಮಾಡಿ, ಬಾಗಿಲು ತೆಗೆದು, ಒಂದು ಕೈಯಲ್ಲಿ ಬುತ್ತಿ ಇನ್ನೊಂದರಲ್ಲಿ ಮೊಬೈಲ್ ಹಿಡಿದು, ಮುಖ ಹೊರಗೆ ಮಾಡಿ ಜಿಗಿಯುತ್ತಾನೆ ನೋಡಿ, ಆ ಕ್ಷಣದಲ್ಲಿ ಮೈಯ ಸುದ್ದಿ ಎಲ್ಲ ಮಂಕು, ಬೆನ್ನು ಎಚ್ಚರ ತಡ. ಜಿಗಿತದ ಲೆಕ್ಕ ಸುಲಭ. ನಾಲ್ಕು ಅಡಿಯಿಂದ ಬಿದ್ದು, ಮಂಡಿ ಚೆನ್ನಾಗಿ ಬಾಗಿಸಿ ಒಂದು ಅಡಿಯಲ್ಲಿ ನಿಂತರೆ ಕಾಲಿನ ಮೇಲೆ ಸರಾಸರಿ ಮೈತೂಕದ ಐದು ಪಟ್ಟು ಬೀಳುತ್ತದೆ. ಕಾಲು ಸೆಟೆದು ನಾಲ್ಕು ಇಂಚಿನಲ್ಲಿ ನಿಂತರೆ ಹದಿಮೂರು ಪಟ್ಟು. 70 ಕಿಲೋದವನಿಗೆ ಒಂಬತ್ತು ಕ್ವಿಂಟಲ್ ಅಂದ ಹಾಗೆ. ಮಂಡಿ ಬಾಗಿಸಬೇಕಾದ ಸ್ನಾಯು ತಡವಾಗಿ ಎಚ್ಚೆತ್ತರೆ ಬೀಳುವುದು ಈ ಎರಡನೇ ಲೆಕ್ಕವೇ.

ಆದ್ದರಿಂದ ಹೀಗೆ ಮಾಡಲಿ. ಟರ್ಬೋ ಎಂಜಿನ್ ಬಂದ್ ಮಾಡುವ ಮುಂಚೆ ಒಂದೆರಡು ನಿಮಿಷ ಸುಮ್ನೆ ಓಡಲು ಬಿಡುತ್ತಾರಲ್ಲ, ಡ್ರೈವರಿಗೆ ಅದನ್ನು ಹೇಳಿಕೊಡಬೇಕಿಲ್ಲ. ಎಂಜಿನ್ ತಣಿಯುವ ಆ ಎರಡು ನಿಮಿಷ ತನಗೂ ಇಟ್ಟುಕೊಳ್ಳಲಿ. ಪಾದ ಮೇಲೆ-ಕೆಳಗೆ ಹತ್ತಿಪ್ಪತ್ತು ಸಲ ಆಡಿಸಲಿ, ಮಂಡಿ ಚಾಚಿ ಮಡಿಚಲಿ, ಕತ್ತು ಎಡಕ್ಕೆ ಬಲಕ್ಕೆ ನಿಧಾನ ತಿರುಗಿಸಲಿ, ಎರಡು ಗುಟುಕು ನೀರು ಕುಡಿಯಲಿ. ಆಮೇಲೆ ಮುಖ ಕ್ಯಾಬಿನ್ ಕಡೆ ಮಾಡಿ, ಏಣಿ ಇಳಿದ ಹಾಗೆ. ಎರಡು ಕೈ ಒಂದು ಕಾಲು, ಇಲ್ಲವೇ ಎರಡು ಕಾಲು ಒಂದು ಕೈ, ಯಾವಾಗಲೂ ಮೂರು ಗಾಡಿಗೆ ಅಂಟಿರಬೇಕು. ಬುತ್ತಿ ಕ್ಲೀನರ್ ಕೈಗೆ. ಮೆಟ್ಟಿಲಿಗೆ ಮೆತ್ತಿದ ಎರೆ ಮಣ್ಣು ಕೆರೆದು ಹಾಕಬೇಕು, ಮಳೆಗಾಲದಲ್ಲಿ ಅದು ಬೆಣ್ಣೆ. ನೆಲಕ್ಕೆ ಕಾಲಿಟ್ಟ ಮೇಲೂ ಹಿಡಿಕೆ ಬಿಡದೆ ನಿಮಿಷ ನಿಲ್ಲಲಿ. ಇಳಿದ ಕೂಡಲೇ ತಾಡಪತ್ರಿ ಬಿಚ್ಚಲು ಲೋಡ್ ಮೇಲೆ ಹತ್ತುವುದು, ಸ್ಟೆಪ್ನಿ ಎತ್ತುವುದು, ಹಿಂದೆ ಬರುವ ಗಾಡಿಯ ಹತ್ತಿರ ನಿಲ್ಲುವುದು, ಈ ಮೂರನ್ನು ಹತ್ತು ನಿಮಿಷ ಮುಂದಕ್ಕೆ ಹಾಕಿದರೆ ಅರ್ಧ ಗಂಡಾಂತರ ಕಡಿಮೆ.

ಈಗ ಮೊದಲೇ ಹೇಳಿದ ಮಾತಿಗೆ ಬರುತ್ತೇನೆ. ಹದಿನೆಂಟು ವರ್ಷ ಓಡಿಸಿದವನಿಗೆ ಈಗ ಒಂದು ವರ್ಷದಿಂದ ಮಾತ್ರ ಯಾಕೆ? ಗಾಡಿ ಬದಲಾಯಿತಾ, ಸೀಟು ಹೋಯಿತಾ, ಟ್ರಿಪ್ ಜಾಸ್ತಿ ಆಯಿತಾ? ಆಗಿದ್ದರೆ ಉತ್ತರ ಅಲ್ಲೇ ಇದೆ. ಏನೂ ಬದಲಾಗಿಲ್ಲ ಅಂದರೆ ಬದಲಾದದ್ದು ಅವನ ಮೈ. ಸಕ್ಕರೆ ಕಾಯಿಲೆ ಶುರುವಾಗಿ ಪಾದದ ನರ ಮಂಕಾಗಿದ್ದರೂ ನೆಲ ಮೆತ್ತಗೆ ಅನಿಸುತ್ತದೆ. ಬಿ12 ವಿಟಮಿನ್ ಕಡಿಮೆ ಇದ್ದರೂ ಹಾಗೇ, ಮಾಂಸ, ಮೊಟ್ಟೆ, ಹಾಲು ಕಡಿಮೆ ತಿನ್ನುವವರಲ್ಲಿ ಇದು ಅಪರೂಪ ಅಲ್ಲ. ಬಿಪಿ ಗುಳಿಗೆ ತಿನ್ನುವವರಿಗೆ, ದಾರಿಯಲ್ಲಿ ನಿಲ್ಲಿಸಬೇಕಾಗುತ್ತದೆ ಅಂತ ನೀರೇ ಕುಡಿಯದವರಿಗೆ ಎದ್ದ ಕೂಡಲೇ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಹಾಸಿಗೆಯಲ್ಲಿ ಮಗ್ಗಲು ಬದಲಿಸಿದರೆ ಕೋಣೆ ಗಿರ್ರ್ ಅಂತ ತಿರುಗಿ ಒಂದು ನಿಮಿಷದಲ್ಲಿ ನಿಂತರೆ ಅದು ಒಳಗಿವಿಯ ಹರಳು ಜಾಗ ತಪ್ಪಿದ್ದು. ಗುಳಿಗೆ ಬೇಡ, ಈ ವಿದ್ಯೆ ಗೊತ್ತಿರುವ ಇಎನ್‌ಟಿ ಡಾಕ್ಟರು ತಲೆಯನ್ನು ಕೆಲವು ಭಂಗಿಗೆ ತಿರುಗಿಸಿ ಅಲ್ಲೇ ಸರಿಮಾಡುತ್ತಾರೆ. ರಾತ್ರಿ ಪಾಳಿಯ ನಿದ್ದೆಗೇಡು ಒಂದೇ ಸಾಕು ಜೋಲಿ ಹೊಡೆಸಲು. ತಂಬಾಕು ಬಾಯಲ್ಲಿದ್ದರೆ ಅದರ ಕಾಣಿಕೆ ಬೇರೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ, ಚಪ್ಪಲಿ ಬಿಟ್ಟು, ಎರಡೂ ಪಾದ ಕೂಡಿಸಿ, ಕೈ ಎದೆಗೆ ಕಟ್ಟಿ, ಕಣ್ಣು ಮುಚ್ಚಿ 30 ಸೆಕೆಂಡ್ ನಿಲ್ಲಲಿ. ನೀವು ಪಕ್ಕದಲ್ಲೇ ಕೈ ಚಾಚಿ ನಿಂತಿರಿ. ಇದನ್ನೇ ಗಾಡಿ ಇಳಿದ ಕೂಡಲೇ ಒಮ್ಮೆ, ಇಳಿದು ಅರ್ಧ ತಾಸಿಗೆ ಒಮ್ಮೆ. ಒಂದು ರಜೆ ದಿನ ಸಂಜೆಯೂ ಮಾಡಿ. ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬೆಳಿಗ್ಗೆ ಗಟ್ಟಿ, ಇಳಿದಾಗ ಓಲಾಟ, ಅರ್ಧ ತಾಸಿಗೆ ಮತ್ತೆ ಗಟ್ಟಿ, ರಜೆ ದಿನ ಪೂರ್ತಿ ಗಟ್ಟಿ ಇದ್ದರೆ ಕುಲುಕಾಟದ ಕಡೆ ಬೆರಳು ಮಾಡಬಹುದು. ಬೆಳಿಗ್ಗೆಯೂ ಓಲಾಡಿದರೆ, ರಜೆ ದಿನವೂ ಓಲಾಡಿದರೆ ಗಾಡಿಯನ್ನು ಬೈಯುವುದು ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕೆಎಂಸಿಆರ್‌ಐ, ಅಂದರೆ ಹಿಂದಿನ ಕಿಮ್ಸ್‌ನಲ್ಲಾಗಲಿ ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಾಗಲಿ ಸಕ್ಕರೆ, ಬಿ12, ಕೂತು-ನಿಂತು ಬಿಪಿ, ಕಿವಿ, ಇಷ್ಟು ನೋಡಿಸಿ. ಮಾತು ತೊದಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಮುಖ ಒಂದು ಕಡೆ ಜೋಲುವುದು, ಒಂದು ಕೈ-ಕಾಲು ಸೋಲುವುದು, ಇದ್ದಕ್ಕಿದ್ದ ಹಾಗೆ ನಡೆಯಲೇ ಆಗದಿರುವುದು, ಇವುಗಳಲ್ಲಿ ಒಂದು ಕಂಡರೂ ನೋಟ್‌ಬುಕ್ ಗೀಟ್‌ಬುಕ್ ಏನೂ ಬೇಡ, 108ಕ್ಕೆ ಫೋನ್ ಮಾಡಿ. ಅದು ಪಾರ್ಶ್ವವಾಯು ಇರಬಹುದು.

ಮಾಲಕರ ವಿಷಯ. ಜಗಳ ಬೇಡ. ಆ ನೋಟ್‌ಬುಕ್ ತೋರಿಸಿ. ಊದುವ ಮಷಿನ್ ತರಿಸಿ ಊದಿಸಿಕೊಳ್ಳಿ ಅಂತ ಅಣ್ಣನೇ ಹೇಳಲಿ, ಅನುಮಾನ ಅಲ್ಲಿಗೇ ಮುಗಿಯುತ್ತದೆ. ಆಮೇಲೆ ಮಾಲಕರನ್ನೇ ಕರೆದು ಪಕ್ಕದ ಸೀಟಿನಲ್ಲಿ ಕೂರಿಸಿ ಖಾಲಿ ಗಾಡಿಯಲ್ಲಿ ಎರಡು ಟ್ರಿಪ್ ಸುತ್ತಿಸಿ. ತಮಾಷೆಗೆ ಹೇಳುತ್ತಿಲ್ಲ. ಹೀಗೆ ಕೂತು ಬಂದ ಒಬ್ಬ ಮಾಲಕರು ಇಳಿದವರೇ ಬಾನೆಟ್ ಹಿಡಿದು ನಿಂತು, ಸೀಟಿಗೆ ಎಷ್ಟಾಗುತ್ತದೆ ಅಂತ ಕೇಳಿದ್ದನ್ನು ನಾನೇ ನೋಡಿದ್ದೇನೆ.

ಕೆಲಸ ಬಿಡಿಸಬೇಕಾ ಅಂದಿರಿ. ಈಗಲೇ ಬೇಡ. ಸೀಟಿನ ತಿರುಪು ಅವನ ತೂಕಕ್ಕೆ ಇಡಿ, ಕೌದಿ ತೆಗೆಯಿರಿ, ಗಟ್ಟಿ ಅಟ್ಟೆಯ ಬೂಟು ಕೊಡಿಸಿ, ಎರಡು ತಾಸಿಗೊಮ್ಮೆ ಐದು ನಿಮಿಷ ಇಳಿದು ನಡೆಯಲಿ, ಹೀಗೆ ಎರಡು ವಾರ. ರಕ್ತ ಪರೀಕ್ಷೆ ಮಾತ್ರ ಈ ಎರಡು ವಾರದ ಒಳಗೇ ಆಗಲಿ. ಹತ್ತು ನಿಮಿಷದ ಜೋಲಿ ಎರಡು-ಮೂರಕ್ಕೆ ಇಳಿದರೆ ಓಡಿಸಲಿ. ಇಳಿಯದಿದ್ದರೆ, ಅಥವಾ ಸೀಟಿನಲ್ಲಿ ಕೂತಾಗಲೇ ತಲೆ ತಿರುಗಿದರೆ, ಅವತ್ತಿನಿಂದಲೇ ಚಾವಿ ಬೇರೆಯವರ ಕೈಗೆ ಕೊಟ್ಟು ಡಾಕ್ಟರ ಮಾತು ಕೇಳಿ. ಮತ್ತೆ ಬರೆಯುವಾಗ ಗಾಡಿ ಎಷ್ಟು ವರ್ಷದ್ದು, ಸೀಟಿನ ತಿರುಪು ಎಷ್ಟು ಕಿಲೋಗೆ ಇತ್ತು, ಅಣ್ಣನ ತೂಕ ಎಷ್ಟು, ಈ ಮೂರು ಬರೆಯಿರಿ.